ಬೆಲ್‌ಗ್ರೇಡಿಗೆ ಹೋಗುವವರಿಗೆ ಭೋಜಣ್ಣನ ಮಾತು

ಕಾಪುವಿನ ಭೋಜಣ್ಣನಿಗೆ ನೆಂಟರನ್ನು ನೋಡಿಕೊಳ್ಳಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಕಾರ್ಕಳದ ಶಾಲೆಯೊಂದರ ಟೀಚರ್. ಹೆದ್ದಾರಿ ಬದಿಯ ಅವರ ಹೋಟೆಲಿನಲ್ಲೇ ದಿನವೂ ತಿಂಡಿ ತಿಂದು ಬಸ್ಸು ಹತ್ತುತ್ತೇನೆ. ಹಸಿದು ಬಂದವರಿಗೆ ಕೇಳದೆಯೇ ಇನ್ನೊಂದು ಬನ್ಸ್ ಹಾಕುವ ಮನುಷ್ಯ ಅವರು.

ಭೋಜಣ್ಣ ಆರು ವರ್ಷ ಸರ್ಬಿಯಾದ ಬೆಲ್‌ಗ್ರೇಡಿನಲ್ಲಿ ಅಡುಗೆಯವರಾಗಿದ್ದರು. ಮಿಲಿತ್ಸಾ ಎಂಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದರು. ಜ್ವರ ಬಂದಾಗ ಸೂಪು ಮಾಡಿ ಕುಡಿಸಿದವಳು, ಹಬ್ಬಕ್ಕೆ ತನ್ನ ಮಕ್ಕಳ ಸಾಲಿನಲ್ಲೇ ಕೂರಿಸಿ ಬಡಿಸಿದವಳು ಆಕೆ.

ನಾಲ್ಕು ವರ್ಷದ ಹಿಂದೆ ಅವರ ಪರಿಚಯದ, ಕಡಿಯಾಳಿಯ ರಘುಪತಿ ಹೆಂಡತಿಯೊಂದಿಗೆ ಅಲ್ಲಿಗೆ ಪ್ರವಾಸ ಹೊರಟರು. ಹೋಟೆಲ್ ಬುಕ್ ಮಾಡಿ ಎಂದು ಭೋಜಣ್ಣ ಮೂರು ಸಲ ಹೇಳಿದರು.

"ನಮ್ಮ ಊರಿನವ ನೀನು ಅಲ್ಲಿರುವಾಗ ಹೋಟೆಲ್ ಎಂತಕ್ಕೆ ಮಾರಾಯ?" ಎಂದು ರಘುಪತಿ ಪೆಟ್ಟಿಗೆ ಸಮೇತ ಮಿಲಿತ್ಸಾಳ ಮನೆಗೇ ಬಂದಿಳಿದರು.

ಆ ದೇಶದಲ್ಲಿ ಪರದೇಶದವರು ಮನೆಯಲ್ಲಿ ತಂಗಿದರೆ ಒಂದು ದಿನದೊಳಗೆ ಪೊಲೀಸರಲ್ಲಿ ಹೆಸರು ಬರೆಸಬೇಕು. ಹೋಟೆಲಿನಲ್ಲಾದರೆ ಅವರೇ ಬರೆಸುತ್ತಾರೆ. ಮಿಲಿತ್ಸಾ ಫಾರಂಗೆ ಸಹಿ ಹಾಕಿಕೊಟ್ಟಳು. ಭೋಜಣ್ಣನಿಗೆ ಬೆಳಗ್ಗೆ ಡ್ಯೂಟಿ ಇತ್ತು. ಪಾಸ್‌ಪೋರ್ಟ್ ತೋರಿಸಿ ಬರೆಸಿ ಬನ್ನಿ ಎಂದು ಠಾಣೆಯ ದಾರಿ ಹೇಳಿ ಹೋದರು. ರಘುಪತಿ ದೋಹಾದಲ್ಲಿ ಹನ್ನೆರಡು ವರ್ಷ ದುಡಿದವರು. ಪಾಸ್‌ಪೋರ್ಟ್ ಇನ್ನೊಬ್ಬರ ಕೈಗೆ ಹೋದರೆ ಮರಳಿ ಬರುವುದಿಲ್ಲ ಎಂಬುದು ಅವರು ಗಲ್ಫಿನಲ್ಲಿ ಕಲಿತ ಪಾಠ. ಠಾಣೆಯತ್ತ ತಲೆ ಹಾಕಲೇ ಇಲ್ಲ. ಸಂಜೆ "ಬರೆಸಿ ಆಯಿತು" ಎಂದರು. ಭೋಜಣ್ಣ ಅದನ್ನೇ ನಂಬಿ ಮಿಲಿತ್ಸಾಳಿಗೆ ಹೇಳಿದರು.

ಹಿಂದಿರುಗುವಾಗ, ಹೆಸರು ಬರೆಸಿದ ಚೀಟಿ ಇಲ್ಲವೆಂದು ವಿಮಾನ ನಿಲ್ದಾಣದಲ್ಲಿ ವಿಚಾರಣೆಯಾಯಿತು. ರಘುಪತಿ ಮಿಲಿತ್ಸಾಳ ವಿಳಾಸ ಕೊಟ್ಟು ವಿಮಾನ ಹತ್ತಿದರು. ಪೊಲೀಸರು ಬಂದದ್ದು ಅವಳ ಬಾಗಿಲಿಗೆ. ದಂಡವೂ ಅವಳಿಗೇ.

"ನೀನು ನನಗೆ ಸುಳ್ಳು ಹೇಳಿದೆ" ಎಂದಷ್ಟೇ ಹೇಳಿ ಆಕೆ ಕೋಣೆ ಬಿಡಿಸಿದಳು. ಭೋಜಣ್ಣ ಅದೇ ವರ್ಷ ಊರಿಗೆ ಬಂದರು. ರಘುಪತಿಯವರೋ, ನಾಚಿಕೆಯಿಲ್ಲದೆ ಮದುವೆ ಮನೆಗಳಲ್ಲಿ ಕೂತು ಭೋಜ ನಮ್ಮನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಹೇಳುತ್ತಾ ಬಂದರು.

ಮೊನ್ನೆ ಅವರೇ, ಅಲ್ಲಿಯ ರೀತಿ ಕೇಳಿಕೊಳ್ಳಲಿ ಎಂದು, ಮಗಳು ಭಾವನಾಳನ್ನು ಭೋಜಣ್ಣನ ಹೋಟೆಲಿಗೆ ಕರೆತಂದರು. ಮಣಿಪಾಲದಲ್ಲಿ ಕೆಲಸ ಮಾಡುವ ಹುಡುಗಿ. ಸಮ್ಮೇಳನಕ್ಕೆಂದು ಬೆಲ್‌ಗ್ರೇಡಿಗೆ ಹೊರಟಿದ್ದಳು. ಭೋಜಣ್ಣ ಕೈ ಒರೆಸಿಕೊಂಡು ಕೂತು ಹೇಳಿದರು, ಅವಳು ಬರೆದುಕೊಂಡಳು.

"ನಲ್ಲಿ ನೀರು ಕುಡಿಯಬಹುದು. ಸಣ್ಣ ಅಂಗಡಿಗಳಿಗೆ ಅವರ ದುಡ್ಡು ದಿನಾರ್ ಇಟ್ಟುಕೋ. ಮನೆಗೆ ಕರೆದರೆ ಚಪ್ಪಲಿ ಬಾಗಿಲಲ್ಲಿ ಬಿಡು. ಹೂವು ಕೊಡುವುದಾದರೆ ಮೂರೋ ಐದೋ ಕೊಡು, ಜೋಡಿ ಲೆಕ್ಕ ಸಾವಿನ ಮನೆಗೆ. 'ಪೋಸ್ನೋ' ಅಂದರೆ ಅವರ ಉಪವಾಸದ ಊಟ. ಮಾಂಸ, ಹಾಲು ಇರುವುದಿಲ್ಲ, ಆದರೆ ಮೀನು ಇರಬಹುದು, ಕೇಳಿ ತಿನ್ನು. ಇನ್ನೊಂದು ಉಂಟು. ಅದನ್ನು ನಿನ್ನ ಅಪ್ಪ ಹೇಳಲಿ."

"ಹಳೆಯದೆಲ್ಲ ಈಗ ಯಾಕೆ ಭೋಜ?"

"ಹೇಳಿ ರಘುಪತಿಯವರೇ. ಠಾಣೆಗೆ ಹೋಗದೆ ಹೋಗಿ ಬಂದೆ ಅಂದವರು ಯಾರು? ಮಿಲಿತ್ಸಾಳ ಹತ್ತಿರ ಸುಳ್ಳುಗಾರನಾದದ್ದು ಯಾರು, ನಾನಲ್ಲವಾ?"

ಭೋಜಣ್ಣ ಧ್ವನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇಡೀ ಹೋಟೆಲು ತಿನ್ನುವುದನ್ನು ನಿಲ್ಲಿಸಿತು.

"ಹೌದಾ ಅಪ್ಪ?" ಎಂದಳು ಭಾವನಾ. ರಘುಪತಿ ಎದ್ದು ಕಾರಿನತ್ತ ನಡೆದರು.

ಭಾವನಾ ಏಳಲಿಲ್ಲ. ನಡೆದದ್ದನ್ನೆಲ್ಲ ಭೋಜಣ್ಣನಿಂದ ಕೇಳಿಕೊಂಡಳು. "ಆ ಅಮ್ಮನಿಗೆ ಫೋನ್ ಮಾಡಿ ಭೋಜಣ್ಣ" ಎಂದಳು. ಅವರು ಮಿಲಿತ್ಸಾಳಿಗೆ ಹಚ್ಚಿದ ಫೋನ್ ತೆಗೆದುಕೊಂಡು, ಆಕೆಗೆ ತಿಳಿಯುವಷ್ಟು ಸರಳವಾದ ಇಂಗ್ಲಿಷಿನಲ್ಲಿ, ಸುಳ್ಳು ಹೇಳಿದ್ದು ನನ್ನ ತಂದೆ, ಭೋಜ ಅಲ್ಲ ಎಂದು ಎರಡು ಸಲ ಹೇಳಿದಳು. ಆಮೇಲೆ ಫೋನನ್ನು ಭೋಜಣ್ಣನಿಗೆ ಕೊಟ್ಟಳು. ಮಿಲಿತ್ಸಾ ತನ್ನ ಭಾಷೆಯಲ್ಲಿ ಏನೋ ಕೇಳಿದಳು.

"ಎಂತ ಕೇಳಿದ್ದು?" ಎಂದೆ ನಾನು.

ಭೋಜಣ್ಣ ಮುಖ ಒರೆಸಿಕೊಂಡರು. "ಇದನ್ನು ಹೇಳಲಿಕ್ಕೆ ನಾಲ್ಕು ವರ್ಷ ಯಾಕೆ ಬೇಕಾಯಿತು ಅಂತ ಕೇಳ್ತಿದ್ದಾಳೆ."

ಹೊರಗೆ ರಘುಪತಿ ಮಗಳನ್ನು ಕರೆಯಲು ಕಾರಿನ ಹಾರ್ನ್ ಒತ್ತುತ್ತಿದ್ದರು.