ಲಾಕ್‌ನಟ್ಟಿನ ಮೇಲಿನ ಬೊಟ್ಟು

ಮುಂಡಪ್ಪ ಆಯುಧಪೂಜೆಯ ತಟ್ಟೆಯನ್ನು ಕಾಲಿನಿಂದ ಒದ್ದ, ಅದಕ್ಕೇ ದೇವರು ಅವನ ಕೈಕೆಲಸ ಕೆಡಿಸಿದ ಎಂಬ ಮಾತು ಕೊಲ್ಲಿ ದೇಶದ ಗುಫೂಲಿನಲ್ಲಿ ನಮ್ಮ ಊರವರು ಸೇರುವ ಕೋಣೆಗಳಲ್ಲೆಲ್ಲ ಹಬ್ಬಿತ್ತು. ಒದ್ದದ್ದು ಶುದ್ಧ ಸುಳ್ಳು. ಅಂದು ಎಲ್ಲರಿಗಿಂತ ಮೊದಲು ಮಿಂದು, ಚೆಂಡುಹೂವಿನ ಮಾಲೆ ಹುಡುಕಿ ತಂದವನೇ ಅವನು. ಕೆಲಸ ಕೆಟ್ಟದ್ದು ನಿಜ. ಕೆಟ್ಟ ಬಗೆ ಮಾತ್ರ ಬೇರೆ.

2012ರಲ್ಲಿ ಅಲ್ಲಿನ ಅದ್ಲಿಯಾದ ಒಂದು ಗ್ಯಾರೇಜಿನಲ್ಲಿ ಕರಾವಳಿಯ ಮೂವರಿದ್ದರು: ಮೆಕ್ಯಾನಿಕ್ ಮುಂಡಪ್ಪ, ಎಲೆಕ್ಟ್ರಿಷಿಯನ್ ನವನೀತ್, ದುರಸ್ತಿಯಾದ ಗಾಡಿಗಳನ್ನು ಓಡಿಸಿ ನೋಡುವ ಆದಂ. ಹಿಮದ ಮೇಲೆ ಓಡಲೆಂದು ಮಾಡಿದ, ಕೆನಡಾದಿಂದ ತರಿಸಿದ ಸ್ನೋಮೊಬೈಲನ್ನು ಗ್ಯಾರೇಜಿನ ಯಜಮಾನರು ಸಖೀರಿನ ಮರುಭೂಮಿಯ ಮರಳಿನ ಮೇಲೆ ಓಡಿಸುತ್ತಿದ್ದರು. ಎಂಜಿನ್ನಿನ ಬಲವನ್ನು ಕೆಳಗಿನ ರಬ್ಬರ್ ಪಟ್ಟಿಗೆ ಇಳಿಸುವ ಸರಪಳಿ ಚೈನ್‌ಕೇಸ್ ಎಂಬ ಮುಚ್ಚಿದ ಪೆಟ್ಟಿಗೆಯೊಳಗಿರುತ್ತದೆ. ಬ್ರೇಕು ಇರುವುದು ಆ ಸರಪಳಿಯ ಮೇಲ್ತುದಿಗೆ. ಸರಪಳಿ ಹರಿದರೆ ಬ್ರೇಕು ಹಿಡಿದೂ ಪ್ರಯೋಜನವಿಲ್ಲ. ಆದ್ದರಿಂದ ಮುಂಡಪ್ಪ ತಿಂಗಳಿಗೊಮ್ಮೆ ಹಳೆಯ ಎಣ್ಣೆ ಬಸಿದು, ಬಿರಡೆಯ ಅಯಸ್ಕಾಂತಕ್ಕೆ ಅಂಟಿದ ಉಕ್ಕಿನ ಪುಡಿಯನ್ನು ಬೆರಳ ನಡುವೆ ಉಜ್ಜಿ ಸವೆತವನ್ನು ಅಂದಾಜಿಸಿ, ಸರಪಳಿಯ ಬಿಗಿ ಸರಿಪಡಿಸುತ್ತಿದ್ದ. ಬಿಗಿಯ ಬೋಲ್ಟು ಸಡಿಲಾಗದಂತೆ ಹೊರಗಿನ ಲಾಕ್‌ನಟ್ಟನ್ನು ತಿರುಗಿಸಿ ಬಿಗಿದು, ಅದಕ್ಕೊಂದು ಕೆಂಪು ಬಣ್ಣದ ಬೊಟ್ಟಿಡುತ್ತಿದ್ದ. ಬೊಟ್ಟಿದ್ದರೆ ಕೆಲಸ ಮುಗಿದಂತೆ. ಅದು ಅವನೇ ಮಾಡಿಕೊಂಡ ಕಟ್ಟಳೆ.

ಆಯುಧಪೂಜೆಯ ಬೆಳಿಗ್ಗೆ ಸರಪಳಿಯ ಬಿಗಿ ಸರಿಪಡಿಸಿ ನಟ್ಟಿಗೆ ಸ್ಪಾನರ್ ಹಾಕಬೇಕೆನ್ನುವಷ್ಟರಲ್ಲಿ ಪೂಜೆಯ ಕರೆ ಬಂತು. ಹಿರಿಯನಾದ್ದರಿಂದ ತೆಂಗಿನಕಾಯಿ ಒಡೆಯಲು ಅವನೇ ಬಾಗಿಲಿಗೆ ಹೋದ. ಎಣ್ಣೆಯಲ್ಲಿ ಕಲಸಿದ ಕುಂಕುಮ ಹಿಡಿದು ಯಂತ್ರಗಳ ನಡುವೆ ಸುತ್ತುತ್ತಿದ್ದ ನವನೀತ್ ಒಳಗಿನಿಂದ ಕೂಗಿದ:

"ಮುಂಡಪ್ಪಣ್ಣ, ಚಕ್ರವೇ ಇಲ್ಲದ ಈ ಗಾಡಿಗೆ ಎಲ್ಲಿ ಇಡುದು ಮಾರ್ರೆ?"

"ಎಲ್ಲಿಯಾದ್ರೂ ಇಡು. ದೇವರಿಗೆ ಕಣ್ಣುಂಟು," ಎಂದು ಮುಂಡಪ್ಪ ತಿರುಗಿಯೂ ನೋಡದೆ ನಕ್ಕ.

ಪಾಯಸ ಮುಗಿಯುವ ಮೊದಲೇ ಯಜಮಾನರ ಫೋನು: ಸಂಜೆಗೆ ಗಾಡಿ ಬೇಕು. ಮುಂಡಪ್ಪ ಬಗ್ಗಿ ನೋಡಿದ. ನಟ್ಟಿನ ಮೇಲೆ ಕೆಂಪು ಬೊಟ್ಟಿತ್ತು. ಸ್ಪಾನರನ್ನು ಪೆಟ್ಟಿಗೆಗೆ ಹಾಕಿದ.

ಸಖೀರಿನಲ್ಲಿ ಗಾಡಿ ಓಡಿಸಿ ನೋಡಲು ಆದಂ ದಿಬ್ಬ ಹತ್ತಿ ಇಳಿಯತೊಡಗಿದಾಗ ಸರಪಳಿ ಹಲ್ಲು ತಪ್ಪುವ ಸದ್ದು ಕೇಳಿತು. ಕೆಳಗೆ ನಿಂತಿದ್ದ ಮುಂಡಪ್ಪನಿಗೆ ಆ ಸದ್ದು ಗೊತ್ತಿತ್ತು. ಕೈಯೆತ್ತಿ ಕೂಗುವುದರೊಳಗೆ ಏನೋ ಫಟ್ಟನೆ ಹರಿಯಿತು.

"ಬ್ರೇಕ್ ಹಿಡಿಯುದಿಲ್ಲ!" ಆದಂ ಕೂಗಿದ.

ಗಾಡಿ ಸುಣ್ಣಕಲ್ಲಿನ ಬಂಡೆಗೆ ಅಪ್ಪಳಿಸಿ ಮಗುಚಿತು. ಓಡಿ ಬಂದ ಮುಂಡಪ್ಪನ ಕೈ, ನಾಚಿಕೆಗೇಡಿ ಕೈ, ಮೊದಲು ಹೋದದ್ದು ನಟ್ಟಿಗೆ. ಅದು ಬೆರಳಿಗೇ ತಿರುಗಿತು. ಕೆಂಪು ಬೆರಳಿಗೆ ಮೆತ್ತಿತು. ಒಣಗಿದ ಬಣ್ಣ ಹಾಗೆ ಮೆತ್ತುವುದಿಲ್ಲ. ಕೂತಲ್ಲೇ ಬೆರಳನ್ನು ನೋಡುತ್ತ ಉಳಿದ.

"ಎಂತ ನೋಡ್ತೀರಿ? ನನ್ನ ಕಾಲು ನೋಡಿ ಮಾರ್ರೆ!" ಆದಂ ಅರಚಿದ.

ಆಸ್ಪತ್ರೆಯಲ್ಲಿ ಯಜಮಾನರು ಹೇಗಾಯಿತೆಂದು ಕೇಳಿದಾಗ ನವನೀತ್ ಬಾಯಿ ತೆರೆದ. ಮುಂಡಪ್ಪ ಅವನನ್ನು ಹಿಂದಕ್ಕೆ ಸರಿಸಿ, ತಪ್ಪು ತನ್ನದೆಂದು ಧಣಿಗೆ ಹರಕು ಹಿಂದಿಯಲ್ಲಿ ಹೇಳಿದ: "ಅರ್ಬಾಬ್, ಗಲ್ತಿ ಮೇರಾ." ಹೊರಗೆ ಬಂದು ನವನೀತನಿಗೆ ಇಷ್ಟೇ ಅಂದ: "ಬೊಟ್ಟು ನೀನು ಇಟ್ಟದ್ದು. ಮುಟ್ಟಿ ನೋಡದ್ದು ನಾನಲ್ವಾ?"

ಈಗ ಮೂರು ವರ್ಷ. ಆದಂನ ಬಲಮೊಣಕಾಲು ಪೂರ್ತಿ ಮಡಚುವುದಿಲ್ಲ. ಮಾಹೂಝಿನ ಕಟ್ಟಡವೊಂದರಲ್ಲಿ ಕಾವಲಿಗಿದ್ದಾನೆ. ಮುಂಡಪ್ಪ ಅದೇ ಗ್ಯಾರೇಜಿನಲ್ಲಿ ಕಾರುಗಳ ಟಯರು ಬದಲಿಸುತ್ತಾನೆ. ಚೈನ್‌ಕೇಸಿನ ಕೆಲಸವನ್ನು ಬೇರೊಬ್ಬರು ಮಾಡುತ್ತಾರೆ.