ಬೋಕಿಯ ಮೇಲೆ ಗೀಚಿದ ಹೆಸರು

ಮಧುಗಿರಿಯ ಮಿಡ್ಲ್ ಸ್ಕೂಲಿನ ನಮ್ಮ ತರಗತಿಯಲ್ಲಿ ಇದ್ದದ್ದು ಆರು ಜನ ಹುಡುಗಿಯರು. ನಾವು ಐವರು ಊರಿನವರು. ಆರನೆಯವಳು ಆ ವರ್ಷ ಪಾವಗಡದ ಕಡೆಯಿಂದ ಬಂದಿದ್ದಳು. ಅವಳ ತಂದೆ ತಾಲ್ಲೂಕು ಕಚೇರಿಯ ಗುಮಾಸ್ತರು. ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಪಾಠ ಓದಿಕೊಳ್ಳಬೇಕಿತ್ತು. ನಾವು ಓದುತ್ತಿರಲಿಲ್ಲ, ಅವಳು ಓದುತ್ತಿದ್ದಳು.

ಒಂದು ಸೋಮವಾರ ಇಂಗ್ಲಿಷ್ ಮೇಷ್ಟ್ರು ಪದ್ಯ ಒಪ್ಪಿಸಿ ಎಂದರು. "ಬಾಯಿಪಾಠ ಮಾಡಿ ಅಂತ ನೀವು ಹೇಳಿರ್ಲಿಲ್ಲ ಸಾರ್" ಎಂದು ಐವರೂ ಒಂದೇ ಮಾತು ಹೇಳಿದೆವು. ಹಾಗೇ ಹೇಳಬೇಕೆಂದು ಅವಳಿಗೂ ಹೇಳಿದ್ದೆವು. ಅವಳು ಎದ್ದು ನಿಂತು ಪದ್ಯವನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಆ ಪೀರಿಯಡ್ ಮುಗಿಯುವವರೆಗೂ ನಾವು ಅಂಗಳದ ಬಿಸಿಲಲ್ಲಿ ನಿಂತೆವು. ಕಿಟಕಿಯಿಂದ ಹುಡುಗರು ನಗುತ್ತಿದ್ದರು.

ಅದೇ ವಾರ ಪಾಠದಲ್ಲಿ 'ಆಸ್ಟ್ರಸೈಜ್' ಎಂಬ ಮಾತು ಬಂತು. ಹೊರಗೆ ಹಾಕುವುದು, ಯಾರೂ ಸೇರಿಸಿಕೊಳ್ಳದಿರುವುದು ಎಂದು ಮೇಷ್ಟ್ರು ಅರ್ಥ ಹೇಳಿದರು. ಗ್ರೀಕರ ಒಂದು ಊರಲ್ಲಿ ಜನ ಸೇರಿ, ಬೇಡವಾದವನ ಹೆಸರನ್ನು ಒಡೆದ ಮಡಕೆಯ ಚೂರಿನ ಮೇಲೆ ಗೀಚುತ್ತಿದ್ದರಂತೆ. ಹೆಚ್ಚು ಚೂರು ಯಾರ ಹೆಸರಿಗೆ ಬಿತ್ತೋ ಅವನು ಹತ್ತು ವರ್ಷ ಊರು ಬಿಡಬೇಕು. ಆ ಚೂರಿಗೆ ಅವರ ಭಾಷೆಯಲ್ಲಿ 'ಆಸ್ಟ್ರಕಾನ್'. ಅದರಿಂದಲೇ ಈ ಮಾತು ಹುಟ್ಟಿದ್ದು.

ಮಡಕೆಯ ಚೂರಿಗೆ ನಾವು ಬೋಕಿ ಅನ್ನುತ್ತಿದ್ದೆವು. ಕುಂಬಾರರ ಬೀದಿಯಲ್ಲಿ ಬೋಕಿಗೇನು ಬರ. ಶನಿವಾರ ಸ್ಕೂಲಿನ ಹಿಂದಿನ ಹುಣಸೆಮರದಡಿ ಐವರೂ ಕೂತು ಮೊಳೆಯಿಂದ ಗೀಚಿದೆವು. ಐದರಲ್ಲೂ ಅವಳದೇ ಹೆಸರು. ಎಲ್ಲರಿಗಿಂತ ದುಂಡಾಗಿ ಬರೆದವಳು ನಾನು.

ಆಮೇಲೆ ಯಾರೂ ಅವಳನ್ನು ಮಾತಾಡಿಸಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಒಬ್ಬರ ಬೊಗಸೆಗೆ ಇನ್ನೊಬ್ಬರು ನೀರು ಬಿಡುವುದು ರೂಢಿ. ಅವಳು ಬೊಗಸೆ ಒಡ್ಡಿ ನಿಂತಳು, ನಾವು ಚೆಂಬು ಕೆಳಗಿಟ್ಟು ಬಂದೆವು. ಎರಡನೆಯ ವಾರ ಅವಳು ಸ್ಕೂಲಿಗೇ ಬರಲಿಲ್ಲ.

ಅವಳ ತಾಯಿ ನಮ್ಮ ಮನೆಗೆ ಬಂದರು. ಹೊಸಿಲಾಚೆಯೇ ನಿಂತು, ತಮ್ಮ ಮನೆಮಾತಾದ ತೆಲುಗಿಗೆ ಕನ್ನಡ ಬೆರೆಸಿ ನಮ್ಮ ಅಮ್ಮನನ್ನು ಕೇಳಿದರು: "ಮಾ ಪಿಲ್ಲ ಏಂ ತಪ್ಪು ಚೇಸಿಂದಮ್ಮಾ? ಒಬ್ರೂ ಮಾತಾಡ್ಸಲ್ವಂತೆ. ಸ್ಕೂಲಿಗೆ ಹೋಗಲ್ಲ ಅಂತ ಮೂಲೇಲಿ ಕೂತವ್ಳೆ."

ಅಮ್ಮ ನನ್ನ ಕಡೆ ತಿರುಗಿದಳು. "ಆ ಮಗ ಏನೇ ಮಾಡ್ತು? ಬಾಯಿ ಬುಟ್ಟು ಹೇಳು."

ಬಿಸಿಲಲ್ಲಿ ನಿಂತದ್ದನ್ನು ಹೇಳಲು ಹೋದೆ. ಹೇಳಿದರೆ ನಮ್ಮ ಸುಳ್ಳನ್ನೂ ಹೇಳಬೇಕಿತ್ತು. ಕೊನೆಗೆ ಎಲ್ಲವನ್ನೂ ಹೇಳಿದೆ. ಅಮ್ಮ ಹೊಡೆಯಲಿಲ್ಲ. "ನಡಿ, ಅವರ ಮನೆಗೆ" ಎಂದು ಕೈಹಿಡಿದು ಹೊರಟಳು.

ಆ ಹುಡುಗಿ ಪಡಸಾಲೆಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತದೆ, "ಹತ್ತು ವರ್ಷ ಅಂದಿದ್ರಲ್ಲ ಮೇಷ್ಟ್ರು, ಇಷ್ಟು ಬೇಗ ಬಂದ್ಬುಟ್ಟೆ?" ಎಂದಳು.

"ನಿಂಗೆ ಹೆಂಗೆ ಗೊತ್ತಾಯ್ತು?"

"ನಾನೂ ಆ ಪಾಠ ಕೇಳಿದ್ನಲ್ಲ."

ನನಗೆ ಅಳು ಬಂತು. ಕಣ್ಣೊರೆಸಿಕೊಂಡು, "ನಾವು ಹೇಳಿದಂಗೆ ನೀನ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಮೇಷ್ಟ್ರು ಬಾಯಿಪಾಠ ಮಾಡಿ ಅಂತ ಹೇಳಿದ್ದು ನಿಜ ಅಲ್ವಾ?"

ಮರುದಿನ ಇಬ್ಬರೂ ಒಟ್ಟಿಗೆ ಸ್ಕೂಲಿಗೆ ಹೋದೆವು. ಉಳಿದ ನಾಲ್ವರು ನನ್ನನ್ನೂ ಬಿಟ್ಟರು. ಕೇಳಿದ ಮಾತಿಗೆ ಉತ್ತರವೇ ಬರದಿದ್ದರೆ ಹೇಗಿರುತ್ತದೆಂದು ಆಗ ತಿಳಿಯಿತು. ತಿಂಗಳೊಳಗೆ ಇಬ್ಬರು ಮಾತಾಡಿದರು, ಇನ್ನಿಬ್ಬರು ಕೊನೆಯವರೆಗೂ ಮಾತಾಡಲಿಲ್ಲ.

ಬೇಸಿಗೆಯಲ್ಲಿ ಅವಳ ತಂದೆಗೆ ಶಿರಾಕ್ಕೆ ವರ್ಗವಾಯಿತು. ಅಲ್ಲಿಂದ ಎರಡು ಕಾಗದ ಬಂದವು. ಹೊಸ ಸ್ಕೂಲಿನಲ್ಲಿ ಪಕ್ಕದಲ್ಲಿ ಕೂರುವ ಹುಡುಗಿ ಮನೆಯಲ್ಲಿ ಉರ್ದು ಮಾತಾಡುತ್ತಾಳೆ, ತಾನೂ ಕಲಿಯುತ್ತಿದ್ದೇನೆ ಎಂದು ಬರೆದಿದ್ದಳು.