ಎರಡನೆಯ ಮೈಕಿನ ಮುಂದೆ

ಆ ವರ್ಷಗಳಲ್ಲಿ ನನಗೆ ಭಾನುವಾರ ಅಂದರೆ ರಜೆಯಲ್ಲ, ಇನ್ನೊಂದು ಪಾಳಿ. ಆರು ದಿನ ಮಾಧಾಪುರದ ಕಂಪನಿಯಲ್ಲಿ ಯಾರೋ ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಿದ್ದೆ. ಏಳನೆಯ ದಿನ ಲೋಕಲ್ ರೈಲಿನಲ್ಲಿ ನೇತಾಡುತ್ತ ಸಿಕಂದರಾಬಾದಿಗೆ ಹೋಗಿ, ತೆಲುಗು ಸಭೆಯವರು ಮಧ್ಯಾಹ್ನದ ಹೊತ್ತು ಕನ್ನಡದವರಾದ ನಮಗೆ ಬಿಟ್ಟುಕೊಡುತ್ತಿದ್ದ ಚರ್ಚಿನಲ್ಲಿ ಎರಡನೆಯ ಮೈಕಿನ ಮುಂದೆ ನಿಲ್ಲುತ್ತಿದ್ದೆ. ಪಾಸ್ಟರು ತೆಲುಗಿನಲ್ಲಿ ಒಂದು ಮಾತು ಹೇಳಿ ನಿಲ್ಲಿಸಬೇಕು, ಅದನ್ನು ನಾನು ಕನ್ನಡದಲ್ಲಿ ಹೇಳಬೇಕು. ಕೇಳಲು ಬರುತ್ತಿದ್ದವರಲ್ಲಿ ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ನಾನೂ ರಾಯಚೂರಿನವನೇ. ಅವರು ಕಟ್ಟುತ್ತಿದ್ದ ಕಟ್ಟಡಗಳಲ್ಲಿ ನಾವು ಹೋಗಿ ಕೂರುತ್ತಿದ್ದೆವು, ಅಷ್ಟೇ ವ್ಯತ್ಯಾಸ.

ನಾನು ಎರಡು ವರ್ಷದವನಿದ್ದಾಗ ಜ್ವರ ಏರಿ ಕಣ್ಣು ಮೇಲೆ ಮಾಡಿದ್ದೆನಂತೆ. ಇವನು ಉಳಿದರೆ ನಿನ್ನ ಸೇವೆಗೇ ಬಿಡುತ್ತೇನೆ ಎಂದು ಅವ್ವ ದೇವರಿಗೆ ಮಾತು ಕೊಟ್ಟಳು. ಉಳಿದೆ. ಓದಿದೆ, ನೌಕರಿ ಹಿಡಿದೆ, ಮಾತು ಮಾತ್ರ ಹಾಗೇ ಉಳಿಯಿತು. ಪಾಸ್ಟರುಗಳನ್ನು ತಯಾರು ಮಾಡುವ ಶಾಲೆಯ ಅರ್ಜಿಯೊಂದು ತಿಂಗಳುಗಟ್ಟಲೆ ನನ್ನ ಚೀಲದಲ್ಲಿ ಮುದುಡಿಕೊಂಡಿತ್ತು. 'ದೇವರು ನಿಮ್ಮನ್ನು ಕರೆದದ್ದು ನಿಮಗೆ ಹೇಗೆ ತಿಳಿಯಿತು?' ಎಂಬ ಪ್ರಶ್ನೆಯ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದರು. ಅದನ್ನು ತುಂಬುವಂಥದ್ದು ನನ್ನ ಹತ್ತಿರ ಏನೂ ಇರಲಿಲ್ಲ. ಪ್ರತಿ ಭಾನುವಾರ ಸಂಜೆ ಅವ್ವ ಫೋನು ಮಾಡಿ ಊಟದ ವಿಚಾರ ಮುಗಿಸಿದ ಮೇಲೆ, "ದೇವರು ಏನರ ಮಾತಾಡಿದನೇನೋ?" ಅನ್ನುತ್ತಿದ್ದಳು. "ಇನ್ನೂ ಇಲ್ಲವ್ವ," ಅನ್ನುತ್ತಿದ್ದೆ. ಇಬ್ಬರಿಗೂ ಸಾಕಾಗಿತ್ತು.

ಒಂದು ಭಾನುವಾರ ಪಾಸ್ಟರು ತಮ್ಮ ಸ್ವಂತ ಸಾಕ್ಷಿ ಹೇಳಿದರು. ಜೀಡಿಮೆಟ್ಲಾದ ಕಾರ್ಖಾನೆಯ ಕೆಲಸ ಬಿಟ್ಟು ಸೇವೆಗೆ ಬಂದ ಕಥೆ. ಅನುವಾದಕ್ಕೆ ನಿಂತವನು 'ಇವರು ಹೀಗೆ ಹೇಳುತ್ತಿದ್ದಾರೆ' ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಅವರು 'ನಾನು' ಅಂದರೆ ನಾನೂ 'ನಾನು' ಅನ್ನಬೇಕು. ಅಂದೆ. "ನಾನು ನೌಕರಿ ಬಿಟ್ಟೆ. ನನ್ನ ದಿನಗಳೆಲ್ಲ ಇನ್ನು ದೇವರವು ಎಂದೆ." ನಿದ್ದೆಗಣ್ಣಿನಲ್ಲಿ ಅಂದೆ, ಆದರೆ ಮೈಕು ಚೆನ್ನಾಗಿತ್ತು.

ಆರಾಧನೆ ಮುಗಿದ ಮೇಲೆ ಹೆಂಗಸೊಬ್ಬಳು ನೇರ ನನ್ನ ಹತ್ತಿರ ಬಂದಳು. ಗಾರೆ ಹೊರುವ ಕೆಲಸದವಳು, ಅದೇ ಮೊದಲ ಸಲ ಬಂದಿದ್ದಳು. ತೆಲುಗು ಒಂದಕ್ಷರ ಬಾರದು. ಹಾಗಾಗಿ ತನಗೆ ತಿಳಿದ ಮಾತನ್ನು, ಅಂದರೆ ನನ್ನದನ್ನು, ನಂಬಿಬಿಟ್ಟಿದ್ದಳು.

"ಅಯ್ಯನೋರ, ನಮ್ಮ ಮನಿಯವರ ಪಾದಕ್ಕ ಸರಳು ಚುಚ್ಚಿ ಭಾಳ ಕೆಟ್ಟೈತ್ರಿ. ದವಾಖಾನಿಯಾಗ ಇಟ್ಕೊಂಡಾರ. ಗುರುವಾರ ಹನ್ನೊಂದಕ್ಕ ದೊಡ್ಡ ಡಾಕ್ಟರು ಎಲ್ಲಾ ಹೇಳ್ತಾರಂತ. ನನಗ ಅವರ ಮಾತು ತಿಳಿಯಂಗಿಲ್ಲ. ನೀವು ನೌಕರಿ ಬಿಟ್ಟೀರಲ್ಲರಿ, ಬರ್ತೀರೇನ್ರಿ?"

ತಿದ್ದಬೇಕಿತ್ತು. ದಣಿದಿದ್ದೆ, ಅದಕ್ಕೇ ತಿದ್ದಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಪಾಸ್ಟರನ್ನು ಕರೆಯುವ ಹಾಗೆ 'ಅಯ್ಯನೋರ' ಅನ್ನಿಸಿಕೊಂಡದ್ದು ಹಿತವಾಗಿತ್ತು. ಅರ್ಜಿ ತುಂಬದೆಯೇ ಕೆಲಸ ಸಿಕ್ಕಂತಾಯಿತು. "ಬರ್ತೀನವ್ವ," ಎಂದೆ.

ಗುರುವಾರ ಬೆಳಿಗ್ಗೆ ಅಮೆರಿಕದ ಗಿರಾಕಿ ನಮ್ಮ ಕೆಲಸದಲ್ಲೊಂದು ತಪ್ಪು ಹಿಡಿದ. ಸರಿಯಾಗುವವರೆಗೆ ಯಾರೂ ಕುರ್ಚಿ ಬಿಟ್ಟು ಏಳಬಾರದು ಎಂದು ಮ್ಯಾನೇಜರು ಹೇಳಿದರು. ಎರಡು ಗಂಟೆ ಹೊರಗೆ ಹೋಗಬೇಕು ಸಾರ್ ಎಂದು ಕೇಳಬಹುದಿತ್ತು, ಬೈಸಿಕೊಳ್ಳುತ್ತಿದ್ದೆ ಅಷ್ಟೆ. ಬೈಸಿಕೊಳ್ಳಲೂ ತ್ರಾಣ ಬೇಕಲ್ಲ. ಆಸ್ಪತ್ರೆಯಲ್ಲಿ ಕನ್ನಡ ಬಲ್ಲವರು ಯಾರಾದರೂ ಇದ್ದೇ ಇರುತ್ತಾರೆ ಎಂದುಕೊಂಡೆ. ಇದು ಯಾರಾದರೂ ಮಾಡಬಹುದಾದ ಕೆಲಸ, ದೇವರು ನನಗಾಗಿ ಇಟ್ಟಿರುವುದು ಇನ್ನೂ ದೊಡ್ಡದಿದ್ದೀತು ಎಂದೂ ಅಂದುಕೊಂಡೆ. ಹನ್ನೊಂದೂವರೆಗೆ ಸರ್ವರ್ ನಿಂತುಹೋಗಿ ಎಲ್ಲರೂ ಕೈಕಟ್ಟಿ ಕೂತರು. ಆ ಬಿಡುವಿನಲ್ಲಿ ನಾನು ಮಾಡಿದ್ದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಚೀಲದಿಂದ ಅರ್ಜಿ ತೆಗೆದು, ಆ ಖಾಲಿ ಅರ್ಧ ಪುಟದ ಮುಂದೆ ಪೆನ್ನು ಹಿಡಿದು ಕೂತು, 'ಕರ್ತನೇ, ಏನಾದರೂ ಹೇಳು' ಎಂದು ಪ್ರಾರ್ಥಿಸಿದೆ.

ಮುಂದಿನ ಭಾನುವಾರ ಅವಳು ಬಂದು ಕೊನೆಯ ಸಾಲಿನಲ್ಲಿ ಕೂತಳು. ನನಗೆ ಅನುವಾದ ಎರಡು ಸಲ ತಪ್ಪಿತು. ಮುಗಿದ ಮೇಲೆ ನಾನೇ ಹತ್ತಿರ ಹೋಗಿ, ಅದು ಪಾಸ್ಟರ ಕಥೆ, ನಾನು ನೌಕರಿಯಲ್ಲೇ ಇದ್ದೇನೆ, ಆಫೀಸು ಬಿಡಲಿಲ್ಲ ಎಂದೆಲ್ಲ ಬಡಬಡಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಪಾದ ತಗದಾರ್ರಿ," ಎಂದಳು. "ಮೇಸ್ತ್ರಿ ಹೆಂಡತಿಗೆ ತೆಲುಗು ಬರತೈತಿ. ನಾ ಬರ್ತೀನಿ ಅಂದಿದ್ಲು. ನಮ್ಮ ಅಯ್ಯನೋರು ಬರಾಕತ್ತಾರ, ನೀ ಕೂಲಿ ಕಳಕೋಬ್ಯಾಡ ಅಂತ ನಾನೇ ಬ್ಯಾಡಂದೆ. ಡಾಕ್ಟರು ಭಾಳ ಹೊತ್ತು ಹೇಳಿದ್ರು, ಕೈ ತಿರುಗಿಸಿ ತೋರಿಸಿದ್ರು. ಪಟ್ಟಿ ಕಟ್ಟತಾರ ಅಂತ ತಿಳದು ಹೆಬ್ಬಟ್ಟು ಒತ್ತಿದೆ. ಎಚ್ಚರಾದ ಮ್ಯಾಲ ನಮ್ಮ ಮನಿಯವರು, ನನಗ್ಯಾಕ ಹೇಳಲಿಲ್ಲ ಅಂದ್ರು."



"ನೀವು ಬಂದಿದ್ರೂ ಪಾದ ಹೋಗತಿತ್ತೇನೋರಿ," ಎಂದಳು. "ಆದ್ರ ಹೋಗತೈತಿ ಅಂತ ಅವರಿಗೆ ನಾ ಮೊದಲ ಹೇಳತಿದ್ದೆ."

ಅವಳು ಜಗಳವಾಡಿದ್ದರೆ ಸಹಿಸುವುದು ಸುಲಭವಿತ್ತು. ಸೆರಗು ಸರಿಮಾಡಿಕೊಂಡು ಬಸ್ಸಿಗೆ ಹೊರಟುಹೋದಳು. ಮುಂದಿನ ವಾರ ಅವಳ ಗಂಡನನ್ನು ನೋಡಲು ಆಸ್ಪತ್ರೆಗೆ ಹೋದೆ, ಆಮೇಲೂ ಹೋದೆ. ಚೀಟಿ ಓದಿ ಹೇಳಿದೆ, ನರ್ಸಮ್ಮನ ಮಾತು ಕನ್ನಡಕ್ಕೆ ತಂದೆ. ಅವನು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳುತ್ತಿದ್ದ. ಅರ್ಜಿ ಕಳಿಸಲಿಲ್ಲ, ನೌಕರಿಯನ್ನೂ ಬಿಡಲಿಲ್ಲ. ಅದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.

ಅವಳು ಹಾಗೆ ಹೊರಟುಹೋದ ಭಾನುವಾರ ಸಂಜೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಾಗ ಅವ್ವನ ಫೋನು ಬಂತು. ಊಟದ ವಿಚಾರ ಮುಗಿಯಿತು. ಎಂದಿನಂತೆ ಕೇಳಿದಳು, "ದೇವರು ಏನರ ಮಾತಾಡಿದನೇನೋ?"

"ಮಾತಾಡ್ಯಾನವ್ವ," ಎಂದೆ. "ಗುರುವಾರ ಹನ್ನೊಂದಕ್ಕ ಬಾ ಅಂದಿದ್ದ. ನಾ ಹೋಗಲಿಲ್ಲ."